ಸದ್ದು ಹುಟ್ಟುವ ಜಾಗ: ಒಂದು ಜಪಾನಿ ಐಷಾರಾಮಿ ಕಾರಿನ ಐದು ತಲೆಮಾರು

(ಓದುಗರ ಬಳಗವೊಂದರ ಭಾನುವಾರದ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ. ಅಲ್ಲಿ ಕೈಯಲ್ಲಿ ಹಿಡಿದು ತೋರಿಸಿದ್ದನ್ನು ಇಲ್ಲಿ ಮಾತಿನಲ್ಲೇ ತೋರಿಸಬೇಕಾಗಿದೆ.)

ಎಲ್ಲರಿಗೂ ನಮಸ್ಕಾರ. ಮೇಜಿನ ಮೇಲೆ ಹಳೆಯ ಪತ್ರಿಕೆ ಹಾಸಿ ಒಂದು ಉಕ್ಕಿನ ತುಂಡು ಇಟ್ಟಿದ್ದೇನೆ. ಲಾರಿ, ಜೀಪು ಇಟ್ಟುಕೊಂಡವರು ನೋಡಿದ ಕೂಡಲೇ ಗುರುತು ಹಿಡಿಯುತ್ತಾರೆ, ಇದು ಯುಜೆ ಕ್ರಾಸ್, ಎಂದರೆ ಯೂನಿವರ್ಸಲ್ ಜಾಯಿಂಟಿನ ನಡುವಿನ ತುಂಡು. ಗಣಿತದ ಕೂಡುವ ಚಿಹ್ನೆಯ ಆಕಾರ. ನಾಲ್ಕು ತುದಿಗೆ ನಾಲ್ಕು ಕಪ್, ಒಂದೊಂದು ಕಪ್ಪಿನ ಒಳಗೂ ಸೂಜಿಯಂಥ ಸಣ್ಣ ಬೇರಿಂಗುಗಳ ಸಾಲು. ನಮ್ಮ ಬೀದಿಯ ಗ್ಯಾರೇಜಿನಿಂದ ಎರವಲು ತಂದದ್ದು. ಕೋಟಿಗಟ್ಟಲೆ ಬೆಲೆಯ ಕಾರಿನ ಬಗ್ಗೆ ಮಾತನಾಡಲು ಕರೆದರೆ ಇವರು ಲಾರಿಯ ಬಿಡಿಭಾಗ ಹಿಡಿದು ಬಂದಿದ್ದಾರಲ್ಲ ಎಂದು ಮುಂದಿನ ಸಾಲಿನಲ್ಲಿ ಯಾರೋ ನಕ್ಕರು. ನಗಲಿ. ಇದರ ಕೆಲಸ ಅರ್ಥವಾದರೆ ಆ ಕಾರಿನ ಅರ್ಧ ಕತೆ ಅರ್ಥವಾದಂತೆ.

ನಾನು ಇಪ್ಪತ್ತೆಂಟು ವರ್ಷ ಪಾಲಿಟೆಕ್ನಿಕ್‌ನಲ್ಲಿ ಆಟೊಮೊಬೈಲ್ ವಿಭಾಗದ ಹುಡುಗರಿಗೆ ಪಾಠ ಹೇಳಿದವನು. ಇಂದಿನ ವಿಷಯ ಲೆಕ್ಸಸ್ ಎಲ್‌ಎಸ್. ಲೆಕ್ಸಸ್ ಎಂದರೆ ಜಪಾನಿನ ಟೊಯೋಟಾ ಕಂಪನಿ ತನ್ನ ದುಬಾರಿ ಕಾರುಗಳಿಗೆ ಇಟ್ಟ ಹೆಸರು. 1989ರಿಂದ ಈಚೆಗೆ ಐದು ತಲೆಮಾರು ಕಂಡ ಕಾರು. ಈ ಐದರಲ್ಲಿ ಯಾವುದನ್ನೂ ಕೊಳ್ಳುವ ಶಕ್ತಿ ನನಗೆ ಬರಲಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಮಾಲೀಕನ ಮೋಹ ಇಲ್ಲದ್ದರಿಂದ ಸ್ವಲ್ಪ ನಿಷ್ಠುರವಾಗಿ ಮಾತನಾಡುವ ಅನುಕೂಲವಂತೂ ಇದೆ.

ಕತೆ ಶುರುವಾಗುವುದು ಒಂದು ಅವಮಾನದಿಂದ. 1957ರಲ್ಲಿ ಟೊಯೋಟಾ ಅಮೆರಿಕದಲ್ಲಿ ಕಚೇರಿ ತೆರೆದು ಟೊಯೊಪೆಟ್ ಕ್ರೌನ್ ಎಂಬ ಕಾರನ್ನು ಅಲ್ಲಿಗೆ ಕಳುಹಿಸಿತು. ಆ ಕಾಲದ ಜಪಾನಿನ ಕಲ್ಲುಮಣ್ಣಿನ ರಸ್ತೆಗಳಲ್ಲಿ ಟ್ಯಾಕ್ಸಿಯಾಗಿ ದುಡಿಯಬಲ್ಲ ಗಟ್ಟಿ ಬಂಡಿ, ಒಂದೂವರೆ ಲೀಟರಿನ ಎಂಜಿನ್. ಕ್ಯಾಲಿಫೋರ್ನಿಯಾದ ಹೆದ್ದಾರಿಗೆ ಬಿಟ್ಟರೆ ಉಸಿರು ಕಟ್ಟಿತು. ಅಲ್ಲಿನ ವೇಗಕ್ಕೆ ಏರುವಷ್ಟರಲ್ಲಿ ಎಂಜಿನ್ ಬಿಸಿಯಾಗುತ್ತಿತ್ತು, ಮೈಯೆಲ್ಲ ನಡುಗುತ್ತಿತ್ತು. ಮೂರು ವರ್ಷ ಹೆಣಗಾಡಿ 1960ರ ಕೊನೆಗೆ ಅದನ್ನು ಕಳುಹಿಸುವುದನ್ನೇ ನಿಲ್ಲಿಸಿದರು. ಆಮೇಲೆ ಕೊರೊಲಾದಂಥ ಚಿಕ್ಕ, ಅಗ್ಗದ, ಕೈಕೊಡದ ಕಾರುಗಳಿಂದ ಅಮೆರಿಕವನ್ನು ಗೆದ್ದರು, ಅದು ಬೇರೆ ಮಾತು. ಆದರೆ ಹೆದ್ದಾರಿಯಲ್ಲಿ ನಡುಗಿದ ಕಾರಿನ ನೆನಪು ಕಂಪನಿಯ ಹಿರಿಯರಿಗೆ ಹೋಗಿರಲಿಲ್ಲ ಎಂದು ನಾನು ಊಹಿಸುತ್ತೇನೆ. ಏಕೆಂದರೆ ಮುಂದೆ ಇವರು ಎಲ್ಲಕ್ಕಿಂತ ಹೆಚ್ಚಾಗಿ ಬೆನ್ನಟ್ಟಿದ್ದು ಆ ನಡುಕವನ್ನೇ.

1981ರಲ್ಲಿ ಇನ್ನೊಂದು ಪೆಟ್ಟು. ಅಮೆರಿಕದ ಒತ್ತಡಕ್ಕೆ ಮಣಿದು, ವರ್ಷಕ್ಕೆ 16.8 ಲಕ್ಷಕ್ಕಿಂತ ಹೆಚ್ಚು ಕಾರುಗಳನ್ನು ಅಲ್ಲಿಗೆ ಕಳುಹಿಸುವುದಿಲ್ಲ ಎಂದು ಜಪಾನ್ ಸರ್ಕಾರ ಒಪ್ಪಿಕೊಂಡಿತು. ನಮ್ಮ ಸಂತೆ ವ್ಯಾಪಾರಿಗೂ ಗೊತ್ತಿರುವ ಲೆಕ್ಕ ಇದು. ಗಾಡಿಯಲ್ಲಿ ಇಷ್ಟೇ ಚೀಲ ತರಬೇಕೆಂದು ಕಟ್ಟು ಹಾಕಿದರೆ, ಮೂಲಂಗಿ ಬಿಟ್ಟು ಏಲಕ್ಕಿ ತುಂಬುತ್ತಾನೆ. ಅಮೆರಿಕ ಅಗ್ಗದ ಜಪಾನಿ ಕಾರನ್ನು ತಡೆಯಲು ಹೋಗಿ ದುಬಾರಿ ಜಪಾನಿ ಕಾರಿಗೆ ದಾರಿ ಮಾಡಿಕೊಟ್ಟಿತು. ಹೊಂಡಾ 1986ರಲ್ಲಿ ಅಕ್ಯುರಾ ಎಂಬ ಹೊಸ ಹೆಸರಿನಲ್ಲಿ ಅಂಗಡಿ ತೆರೆಯಿತು. ನಿಸಾನ್ 1989ರಲ್ಲಿ ಇನ್ಫಿನಿಟಿ ತಂದಿತು. ಈ ಇನ್ಫಿನಿಟಿಯವರ ಮೊದಲ ಜಾಹೀರಾತುಗಳಲ್ಲಿ ಬಂಡೆ, ಮರ, ನೀರು ಎಲ್ಲ ಇದ್ದವು, ಕಾರೊಂದೇ ಇರಲಿಲ್ಲ.

ಟೊಯೋಟಾದಲ್ಲಿ ಈ ಕೆಲಸಕ್ಕೆ ಕೈ ಹಾಕಿದವರು ಅಧ್ಯಕ್ಷ ಐಜಿ ಟೊಯೋಡಾ. 1983ರ ಆಗಸ್ಟ್‌ನ ಗುಟ್ಟಿನ ಸಭೆಯಲ್ಲಿ ಅವರು ಕೇಳಿದ್ದು ಒಂದೇ: ಜಗತ್ತಿನ ಅತ್ಯುತ್ತಮ ಕಾರಿಗೆ ಸವಾಲೆಸೆಯುವಂಥದ್ದನ್ನು ನಾವು ಮಾಡಬಲ್ಲೆವೇ? ಹಾಗೆ ನೋಡಿದರೆ ಅವರ ಮನೆಯಲ್ಲೇ 1967ರಿಂದ ಸೆಂಚುರಿ ಎಂಬ ಗತ್ತಿನ ಕಾರು ಇತ್ತು. ಆದರೆ ಅದು ಹಿಂದಿನ ಸೀಟಿನ ಯಜಮಾನನ ಕಾರು, ಉಣ್ಣೆಯ ಬಟ್ಟೆ ಹೊದಿಸಿದ ಸೀಟು, ಕಿಟಕಿಗೆ ಲೇಸಿನ ಪರದೆ. ಅಮೆರಿಕದ ಶ್ರೀಮಂತ ತನ್ನ ಕಾರಿನ ಸ್ಟಿಯರಿಂಗ್ ತಾನೇ ಹಿಡಿಯುವವನು. ಅವನ ರುಚಿ ತಿಳಿಯಲು ಟೊಯೋಟಾದ ವಿನ್ಯಾಸಕಾರರು 1985ರಲ್ಲಿ ಕ್ಯಾಲಿಫೋರ್ನಿಯಾದ ಲಗೂನಾ ಬೀಚ್‌ನಲ್ಲಿ ಬಾಡಿಗೆ ಮನೆ ಹಿಡಿದು ಕುಳಿತರು. ಹೆಣ್ಣು ನೋಡಲು ಹೋಗುವ ಮೊದಲು ಆ ಊರಿನ ನೆಂಟರ ಮನೆಯಲ್ಲಿ ನಾಲ್ಕು ದಿನ ತಂಗಿ, ಬೀದಿಯವರನ್ನೆಲ್ಲ ವಿಚಾರಿಸಿದ ಹಾಗೆ.

ಮುಖ್ಯ ಎಂಜಿನಿಯರ್ ಇಚಿರೊ ಸುಜುಕಿ. ಸುಜುಕಿ ಕಂಪನಿಗೂ ಇವರಿಗೂ ಸಂಬಂಧವಿಲ್ಲ, ಜಪಾನಿನಲ್ಲಿ ಅದು ನಮ್ಮ ಗೌಡ, ರಾವ್ ಇದ್ದಷ್ಟೇ ಸಾಮಾನ್ಯವಾದ ಹೆಸರು. ಇವರು ಇಟ್ಟ ಗುರಿಗಳನ್ನು ನೋಡಿದರೆ, ಅವು ಒಂದನ್ನೊಂದು ಕಚ್ಚಾಡುವಂಥವು. ಗಂಟೆಗೆ 250 ಕಿಲೊಮೀಟರ್ ಓಡಬೇಕು, ಆದರೂ ಅಮೆರಿಕದಲ್ಲಿ ಪೆಟ್ರೋಲ್ ಕುಡುಕ ಕಾರುಗಳಿಗೆ ಹಾಕುವ ವಿಶೇಷ ತೆರಿಗೆ ಬೀಳಬಾರದು. ಹಗುರ ಇರಬೇಕು, ಆದರೂ ನಿಶ್ಶಬ್ದ ಇರಬೇಕು. ಮೈಕಟ್ಟು ಗಂಭೀರವಾಗಿರಬೇಕು, ಆದರೂ ಗಾಳಿಯನ್ನು ಸರಾಗವಾಗಿ ಸೀಳಬೇಕು. ಈ "ಆದರೂ" ಎಂಬ ಪದವನ್ನೇ ಅವರು ಮಂತ್ರ ಮಾಡಿಕೊಂಡರು. ಸಾಮಾನ್ಯವಾಗಿ ಎಂಜಿನಿಯರ್ ಎಂಬ ಪ್ರಾಣಿ ಇದನ್ನು ಕೊಟ್ಟು ಅದನ್ನು ಪಡೆಯುವ ಚೌಕಾಸಿಯಲ್ಲೇ ಬದುಕುತ್ತದೆ. ನಾನೂ ಹುಡುಗರಿಗೆ ಕಲಿಸಿದ್ದು ಅದನ್ನೇ. ಈ ಮನುಷ್ಯ ಚೌಕಾಸಿಗೆ ಒಪ್ಪಲಿಲ್ಲ.

ಹಗುರವಾಗಿಯೂ ನಿಶ್ಶಬ್ದವಾಗಿಯೂ ಇರುವುದು ಹೇಗೆ? ಕಾರಿನ ಒಳಗೆ ಸದ್ದು ಬರುತ್ತಿದ್ದರೆ ಎಲ್ಲರೂ ಮಾಡುವ ಉಪಾಯ ತಡೆಯುವುದು. ಬಾಗಿಲಿಗೆ ದಪ್ಪ ರಬ್ಬರ್, ನೆಲಕ್ಕೆ ಟಾರಿನ ಹಾಳೆ, ಮೇಲೆ ಕಂಬಳಿಯಂಥ ಕಾರ್ಪೆಟ್. ಮರ್ಸಿಡಿಸ್‌ನವರು 1991ರಲ್ಲಿ ತಂದ ಎಸ್-ಕ್ಲಾಸ್‌ನ ಕಿಟಕಿಗಳಿಗೆ ಎರಡೆರಡು ಪದರದ ಗಾಜು ಹಾಕಿದರು. ಸದ್ದೇನೋ ನಿಂತಿತು, ಕಾರು ಆನೆಯಾಯಿತು. ಸುಜುಕಿಯವರ ದಾರಿ ಬೇರೆ. ಜಪಾನಿ ಭಾಷೆಯಲ್ಲಿ ಗೆನ್‌ರ್ಯೂ ಎಂದರೆ ಹೊಳೆಯ ಹುಟ್ಟು. ತೊಂದರೆಯನ್ನು ಅದು ಹುಟ್ಟುವ ಜಾಗದಲ್ಲೇ ಹಿಡಿಯಬೇಕು ಎಂಬುದು ಅವರ ಹಟ. ನೀರು ಬಗ್ಗಡವಾಗಿದ್ದರೆ ಕನ್ನಂಬಾಡಿಯಲ್ಲಿ ಸೋಸುತ್ತ ಕೂರಬಾರದು, ತಲಕಾವೇರಿಗೆ ಹತ್ತಿ ಹೋಗಿ ಅಲ್ಲಿ ಏನಾಗಿದೆ ಎಂದು ನೋಡಬೇಕು.

ಈಗ ಈ ಕ್ರಾಸ್ ಕೈಗೆ ತೆಗೆದುಕೊಳ್ಳುತ್ತೇನೆ. ಹಿಂದಿನ ಚಕ್ರ ತಿರುಗುವ ವಾಹನದಲ್ಲಿ ಮುಂದಿನ ಎಂಜಿನ್ನಿನ ಬಲವನ್ನು ಹಿಂದಕ್ಕೆ ಒಯ್ಯುವುದು ಪ್ರೊಪೆಲ್ಲರ್ ಶಾಫ್ಟ್. ಗೇರ್ ಬಾಕ್ಸ್ ಮೇಲಿರುತ್ತದೆ, ಹಿಂದಿನ ಆಕ್ಸಲ್ ಕೆಳಗಿರುತ್ತದೆ, ಹಾಗಾಗಿ ಶಾಫ್ಟ್ ಓರೆಯಾಗಿ ಇಳಿಯುತ್ತದೆ. ಓರೆಯಿದ್ದಲ್ಲಿ ಮಣಿಯುವ ಗಂಟು ಬೇಕು, ಆ ಗಂಟೇ ಇದು. ಇದರಲ್ಲೊಂದು ಹುಟ್ಟುಗುಣವಿದೆ. ಗಂಟು ಓರೆಯಾಗಿ ತಿರುಗಿದರೆ, ಈ ಬದಿಯ ಶಾಫ್ಟ್ ಒಂದೇ ವೇಗದಲ್ಲಿ ಸುತ್ತುತ್ತಿದ್ದರೂ ಆ ಬದಿಯದು ಒಂದು ಸುತ್ತಿನಲ್ಲಿ ಎರಡು ಸಲ ಮುಂದೋಡಿ ಎರಡು ಸಲ ಹಿಂದುಳಿಯುತ್ತದೆ. ಕುಂಟುವವನ ನಡಿಗೆಯಂತೆ. ಇನ್ನೊಂದು ತುದಿಯಲ್ಲಿ ಇಂಥದ್ದೇ ಗಂಟು ಹಾಕಿ ಈ ಕುಂಟನ್ನು ಆ ಕುಂಟಿನಿಂದ ಸರಿದೂಗಿಸುತ್ತಾರೆ. ಲಾರಿಗೆ ಅಷ್ಟು ಸಾಕು. ಆದರೆ ನಡುವಿನ ಶಾಫ್ಟ್ ಜರ್ಕ್ ಹೊಡೆಯುತ್ತಲೇ ಇರುತ್ತದೆ. ಆ ನಡುಕ ನೆಲದ ತಗಡಿಗೆ, ತಗಡಿನಿಂದ ಸೀಟಿಗೆ, ಸೀಟಿನಿಂದ ನಿಮ್ಮ ಬೆನ್ನುಹುರಿಗೆ ಬರುತ್ತದೆ. ಹಳೆಯ ಜೀಪಿನಲ್ಲಿ ಕೂತವರಿಗೆ ವಿವರಿಸಬೇಕಾಗಿಲ್ಲ.

ಸುಜುಕಿಯವರ ತಂಡ ಏನು ಮಾಡಿತು? ಓರೆಯನ್ನೇ ತೆಗೆದುಹಾಕಿತು. ಎಂಜಿನ್, ಗೇರ್ ಬಾಕ್ಸ್, ಎರಡು ತುಂಡಿನ ಶಾಫ್ಟ್, ಹಿಂದಿನ ಡಿಫರೆನ್ಷಿಯಲ್, ಎಲ್ಲವನ್ನೂ ದಾರ ಎಳೆದಂತೆ ಒಂದೇ ನೇರಕ್ಕೆ ತಂದು ಕೂರಿಸಿ, ತುದಿಗಳಲ್ಲಿ ರಬ್ಬರಿನ ಕಪ್ಲಿಂಗ್ ಹಾಕಿದರು. ಹೇಳಲು ಸುಲಭ. ಎಂಜಿನ್ ಎಷ್ಟು ಎತ್ತರದಲ್ಲಿ ಕೂರಬೇಕು, ನೆಲದ ನಡುವಿನ ಸುರಂಗ ಎಷ್ಟಿರಬೇಕು, ಬೆಸುಗೆ ಹಾಕುವಾಗ ಚೌಕಟ್ಟು ಎಷ್ಟು ಕರಾರುವಾಕ್ಕಾಗಿರಬೇಕು ಎಂಬುದೆಲ್ಲ ಈ ಒಂದು ನೇರ ಗೆರೆಗೆ ತಲೆಬಾಗಬೇಕು. ಷೋರೂಮಿಗೆ ಬಂದವನಿಗೆ ಇದು ಕಾಣುವುದೇ ಇಲ್ಲ. ಕಾರಿನ ಅಡಿಯಲ್ಲಿ ಮಲಗಿ ನೋಡುವ ಮೆಕ್ಯಾನಿಕ್‌ಗೆ ಮಾತ್ರ ಕಾಣುವ ಐಷಾರಾಮ ಅದು. ಇಡೀ ಕಾರಿನಲ್ಲಿ ನನಗೆ ಅತಿ ಪ್ರಿಯವಾದದ್ದು ಈ ಗೆರೆಯೇ.

ಎಂಜಿನ್ನಿನದೂ ಇದೇ ಕತೆ. 4 ಲೀಟರಿನ ವಿ8, ಎಂದರೆ ಎಂಟು ಸಿಲಿಂಡರಿನ ಎಂಜಿನ್, ಅಲ್ಯೂಮಿನಿಯಮ್ ಬ್ಲಾಕ್, 32 ವಾಲ್ವ್, 250 ಅಶ್ವಶಕ್ತಿ. ಬಿಡಿಭಾಗಗಳನ್ನು ಇನ್ನೂ ನಿಖರವಾಗಿ ಕಡೆಯಿರಿ, ನಡುಕ ಅಲ್ಲೇ ಸಾಯಲಿ ಎಂದು ಸುಜುಕಿ ಕೇಳಿದಾಗ, ಎಂಜಿನ್ ವಿಭಾಗದವರು ಇರುವ ಯಂತ್ರಗಳಲ್ಲಿ ಅದು ಆಗದ ಮಾತು ಎಂದರಂತೆ. ಸಾವಿರಾರು ಬೇಡ, ಒಂದೇ ಒಂದು ಎಂಜಿನ್ ಮಾಡಿ ತೋರಿಸಿ ಎಂದು ಇವರು ಬೆನ್ನು ಹತ್ತಿದರು. ಒಂದು ತಯಾರಾಯಿತು. ಅದು ತಿರುಗಿದ ರೀತಿ ನೋಡಿದ ಮೇಲೆ ಬೇಡ ಎಂದವರೇ ಸಾವಿರಾರು ಮಾಡುವ ದಾರಿ ಹುಡುಕಿದರು. ಒಟ್ಟು ಸುಮಾರು 1,400 ಎಂಜಿನಿಯರುಗಳು, 2,300 ತಂತ್ರಜ್ಞರು, 450ರಷ್ಟು ಪರೀಕ್ಷಾ ಮಾದರಿಗಳು, ನೂರು ಕೋಟಿ ಡಾಲರಿಗೂ ಮೀರಿದ ಖರ್ಚು.

ಹೆಸರಿನ ವಿಷಯದಲ್ಲೂ ಒಂದು ರಗಳೆ ಆಯಿತು. ಕಾನೂನು ಮಾಹಿತಿ ಒದಗಿಸುವ ಲೆಕ್ಸಿಸ್ ಎಂಬ ಸೇವೆಯವರು ಲೆಕ್ಸಸ್ ಎಂಬ ಹೆಸರು ಬೇಡವೆಂದು ಕೋರ್ಟಿಗೆ ಹೋಗಿ ಮೊದಲ ಸುತ್ತಿನಲ್ಲಿ ಗೆದ್ದರು. 1989ರ ಮಾರ್ಚ್‌ನಲ್ಲಿ ಮೇಲಿನ ಕೋರ್ಟು ಆ ತೀರ್ಪನ್ನು ರದ್ದು ಮಾಡಿತು. ವಕೀಲರ ಪುಸ್ತಕದ ಜಾಗದಲ್ಲಿ ಯಾರೂ ಕಾರು ಕೊಳ್ಳುವುದಿಲ್ಲ ಎಂಬ ಸಾಮಾನ್ಯ ಜ್ಞಾನಕ್ಕೆ ಎರಡು ಕೋರ್ಟು ಹತ್ತಬೇಕಾಯಿತು.

1989ರ ಜನವರಿಯಲ್ಲಿ ಡೆಟ್ರಾಯ್ಟ್ ಮೇಳದಲ್ಲಿ ಎಲ್‌ಎಸ್ 400 ಹೊರಬಂತು. ಅಯಿಚಿ ಪ್ರಾಂತ್ಯದ ತಹಾರಾ ಕಾರ್ಖಾನೆಯಲ್ಲಿ ತಯಾರಿ. ಬೆಲೆ 35,000 ಡಾಲರ್. ಎದುರಾಳಿ ಜರ್ಮನ್ ಕಾರುಗಳು ಐವತ್ತು ಸಾವಿರ ಮೀರಿದ್ದವು. ಗಾಳಿಯ ತಡೆಯ ಗುಣಾಂಕ 0.29, ತೂಕ 1,700 ಕಿಲೊದ ಆಸುಪಾಸು. ಚಾಲಕನ ಮುಂದಿನ ಕಪ್ಪು ಫಲಕದಲ್ಲಿ, ಕಾರು ಚಾಲೂ ಮಾಡಿದಾಗ ಮೊದಲು ಮುಳ್ಳುಗಳು ಬೆಳಗಿ ಆಮೇಲೆ ಅಂಕಿಗಳು ಮೂಡುತ್ತಿದ್ದವು. ಇಂದು ಎಲ್ಲ ಕಾರುಗಳಲ್ಲೂ ಅಂಥದ್ದೇನಾದರೂ ಇದೆ, ಆಗ ಅದು ದೇವರ ಗುಡಿಯಲ್ಲಿ ತೆರೆ ಸರಿದಂತೆ ಇತ್ತು.

ಅದರ ಜಾಹೀರಾತು ನೋಡಿದವರಿದ್ದೀರಿ. ರೋಲರ್ ಮೇಲೆ ಕಾರು ನಿಲ್ಲಿಸಿ, ಬಾನೆಟ್ ಮೇಲೆ ಷಾಂಪೇನ್ ಗ್ಲಾಸುಗಳನ್ನು ಗೋಪುರದಂತೆ ಒಟ್ಟಿ, ಚಕ್ರಗಳನ್ನು ಗಂಟೆಗೆ 145 ಮೈಲಿಗೆ ಏರಿಸುತ್ತಾರೆ. ಗೋಪುರ ಅಲುಗುವುದಿಲ್ಲ. ರಸ್ತೆಯ ಗುಂಡಿ, ಗಾಳಿ ಏನೂ ಇಲ್ಲದ ಕೋಣೆಯಲ್ಲಿ ಅದೇನು ದೊಡ್ಡ ಪರೀಕ್ಷೆ ಎಂದು ನಾನೂ ಮೂಗು ಮುರಿದಿದ್ದೆ. ಆಮೇಲೆ ಯೋಚಿಸಿದರೆ, ರಸ್ತೆ ಇಲ್ಲದ್ದರಿಂದಲೇ ಅದು ಸರಿಯಾದ ಪರೀಕ್ಷೆ. ಅಲ್ಲಿ ಉಳಿದಿರುವುದು ಯಂತ್ರ ತಾನೇ ಹುಟ್ಟಿಸುವ ನಡುಕ ಮಾತ್ರ.

2016ರಲ್ಲಿ ಮಗಳ ಮನೆಗೆಂದು ಅಮೆರಿಕಕ್ಕೆ ಹೋಗಿದ್ದಾಗ ಟೆಕ್ಸಸ್‌ನಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ತನ್ನ ಎಲ್‌ಎಸ್ 400 ತೋರಿಸಿದ. 1997ರ ಕಾರು, ಇವನು ಮೂರನೆಯ ಮಾಲೀಕ, ಮೀಟರಿನಲ್ಲಿ ಎರಡು ಲಕ್ಷದ ಮೂವತ್ತು ಸಾವಿರ ಮೈಲಿ. ಬಾನೆಟ್ ಎತ್ತಿ ಎಂಜಿನ್ ಚಾಲೂ ಮಾಡಿದ. ಚಾಲೂ ಆಗಿದೆಯೋ ಇಲ್ಲವೋ ತಿಳಿಯಲು ನಾನು ಬೆಲ್ಟಿನ ಕಡೆ ನೋಡಬೇಕಾಯಿತು. ಜೇಬಿನಿಂದ ಕ್ವಾರ್ಟರ್ ನಾಣ್ಯ ತೆಗೆದು ಎಂಜಿನ್ನಿನ ಮೇಲುಮುಚ್ಚಳದ ಮೇಲೆ ಅಂಚಿನಲ್ಲಿ ನಿಲ್ಲಿಸಿದ. ನಿಂತಿತು. "ಸರ್, ಬ್ಯಾಲೆನ್ಸಿಂಗ್ ಲೆಕ್ಕ ಕೊಟ್ಟು ನಮ್ಮ ಜೀವ ಹಿಂಡಿದಿರಲ್ಲ, ಅದರ ಉತ್ತರ ಇಲ್ಲಿದೆ ನೋಡಿ" ಎಂದ. ನಾನು ಮೇಷ್ಟ್ರು ಬುದ್ಧಿ ಬಿಡದೆ ಎಸಿ ಹಾಕು ಎಂದೆ. ಕಂಪ್ರೆಸರ್ ಕಚ್ಚಿಕೊಂಡ ಕೂಡಲೇ ನಾಣ್ಯ ಉರುಳಿ ರೇಡಿಯೇಟರ್ ಸಂದಿಗೆ ಬಿತ್ತು. ಅದನ್ನು ಹೊರತೆಗೆಯಲು ಇಬ್ಬರೂ ಅರ್ಧ ಗಂಟೆ ತಂತಿ ಹಿಡಿದು ಒದ್ದಾಡಿದೆವು.

ಮೊದಲ ತಲೆಮಾರಿನ ಬಗ್ಗೆ ಇನ್ನೊಂದು ಸಂಗತಿ ಹೇಳಿ ಮುಂದೆ ಹೋಗುತ್ತೇನೆ. ಕಾರು ಮಾರಾಟಕ್ಕೆ ಬಂದು ಮೂರು ತಿಂಗಳಾಗಿತ್ತಷ್ಟೆ. 1989ರ ಡಿಸೆಂಬರ್‌ನಲ್ಲಿ ವೈರಿಂಗ್ ಮತ್ತು ಬ್ರೇಕ್ ದೀಪದ ದೋಷದ ಬಗ್ಗೆ ಎರಡು ದೂರು ಬಂದವು. ಎರಡೇ ಎರಡು. ಕಂಪನಿ ಅಲ್ಲಿಯವರೆಗೆ ಮಾರಿದ್ದ ಸುಮಾರು 8,000 ಕಾರುಗಳನ್ನೂ ರಿಪೇರಿಗೆ ಕರೆಯಿತು. ಕರೆಯಿತು ಎನ್ನುವುದೂ ತಪ್ಪು, ಇವರೇ ಮಾಲೀಕರ ಮನೆಗೆ ಹೋದರು. ಕಾರು ಒಯ್ದು, ಸರಿಪಡಿಸಿ, ತೊಳೆದು, ಪೆಟ್ರೋಲ್ ತುಂಬಿಸಿ ತಂದು ನಿಲ್ಲಿಸಿದರು. ಇಪ್ಪತ್ತು ದಿನದಲ್ಲಿ ಕೆಲಸ ಮುಗಿಯಿತು. ಹೊಸ ಅಂಗಡಿಗೆ ಮುಳುಗಿಹೋಗುವಂಥ ಕೆಟ್ಟ ಸುದ್ದಿಯೇ ಹೆಸರು ತಂದುಕೊಟ್ಟಿತು. 1991ರ ಹೊತ್ತಿಗೆ ಅಮೆರಿಕದಲ್ಲಿ ಲೆಕ್ಸಸ್ ಮಾರಾಟ ಮರ್ಸಿಡಿಸ್ ಮತ್ತು ಬಿಎಂಡಬ್ಲ್ಯು ಎರಡನ್ನೂ ದಾಟಿತ್ತು.

ತವರಿನಲ್ಲಿ ಇದೇ ಕಾರಿಗೆ ಲೆಕ್ಸಸ್ ಎಂಬ ಹೆಸರಿರಲಿಲ್ಲ, ಟೊಯೋಟಾ ಸೆಲ್ಸಿಯರ್ ಎಂದು ಮಾರುತ್ತಿದ್ದರು. 1989ರ ಅಕ್ಟೋಬರ್‌ನಲ್ಲಿ ಬಂತು, ಜಪಾನಿನ ಷೇರು ಪೇಟೆ ತುತ್ತತುದಿಗೆ ಏರಿದ್ದು ಅದೇ ಡಿಸೆಂಬರ್‌ನಲ್ಲಿ. ಹಣದ ಹೊಳೆ ಹರಿಯುತ್ತಿದ್ದ ಆ ದಿನಗಳಲ್ಲಿ ಜನ ಸರದಿಯಲ್ಲಿ ಕಾದು ಕೊಂಡರು. ಗುಳ್ಳೆ ಒಡೆದ ಮೇಲೂ ಕಾರುಗಳು ಓಡುತ್ತಲೇ ಇದ್ದವು.

ಎರಡನೆಯ ತಲೆಮಾರು 1994ರ ಕೊನೆಗೆ ಬಂತು. ಪಕ್ಕದಲ್ಲಿ ನಿಲ್ಲಿಸಿದರೆ ಹಳೆಯದು ಯಾವುದು, ಹೊಸದು ಯಾವುದು ಎಂದು ದಾರಿಹೋಕರಿಗೆ ಗೊತ್ತಾಗುವುದಿಲ್ಲ. ಒಳಗೆ ಹೆಚ್ಚುಕಡಿಮೆ ಎಲ್ಲವನ್ನೂ ಬದಲಿಸಿದ್ದರು. ಚಕ್ರಗಳ ನಡುವಿನ ಅಂತರ ಸ್ವಲ್ಪ ಹಿಗ್ಗಿತು, ಹಿಂದೆ ಕಾಲು ಚಾಚಲು ಜಾಗ ಸಿಕ್ಕಿತು, ಅಶ್ವಶಕ್ತಿ 260ಕ್ಕೆ, ಆಮೇಲೆ ವಾಲ್ವ್ ಕಾಲ ಹೊಂದಿಸುವ ತಂತ್ರ ಬಂದು 290ಕ್ಕೆ ಏರಿತು. ಧೈರ್ಯವಿಲ್ಲದ ವಿನ್ಯಾಸ ಎಂದು ಆಗ ಬೈದವರಿದ್ದರು. ನನಗೆ ಐದರಲ್ಲಿ ಇದೇ ಇಷ್ಟ. ಮನೆಯ ಮುಂಭಾಗ ಮುಟ್ಟದೆ ತಳಪಾಯ ಗಟ್ಟಿ ಮಾಡಿಸುವವನು ಬೀದಿಯವರ ಮೆಚ್ಚುಗೆಗೆ ಕಾಯುವುದಿಲ್ಲ. ಈ ತಲೆಮಾರಿನ 1996ರ ಕಾರೊಂದು ಅಮೆರಿಕದಲ್ಲಿ ಹತ್ತು ಲಕ್ಷ ಮೈಲಿ, ಎಂದರೆ ಹದಿನಾರು ಲಕ್ಷ ಕಿಲೊಮೀಟರ್ ದಾಟಿತು. ಚಂದ್ರನಲ್ಲಿಗೆ ಹೋಗಿ ಬರುವುದನ್ನು ಎರಡು ಸಲ ಮಾಡಿದಷ್ಟು.

ಮೂರನೆಯದು 2000ದ ಎಲ್‌ಎಸ್ 430. ಈ ಸಲ ವಿನ್ಯಾಸಕಾರರನ್ನು ಪಂಚತಾರಾ ಹೋಟೆಲುಗಳಲ್ಲಿ ಇರಿಸಿ, ವಿಮಾನದ ಮೊದಲ ದರ್ಜೆಯಲ್ಲಿ ಓಡಾಡಿಸಿದರಂತೆ, ಆರಾಮ ಎಂದರೇನೆಂದು ತಿಳಿದುಕೊಳ್ಳಲು. ನನ್ನ ನೌಕರಿಯಲ್ಲಿ ಅಂಥ ಸಂಶೋಧನೆಗೆ ಯಾರೂ ಕಳುಹಿಸಲಿಲ್ಲ. ಬುಲೆಟ್ ರೈಲಿನ ಎಂಜಿನಿಯರುಗಳು ಬಳಸುವ ಗಾಳಿ ಸುರಂಗದಲ್ಲಿ ಕಾರನ್ನಿಟ್ಟು ಮೈ ತಿದ್ದಿದರು. ಏರ್ ಸಸ್ಪೆನ್ಷನ್ ಇರುವ ಕಾರಿನ ಗುಣಾಂಕ 0.25ಕ್ಕೆ ಇಳಿಯಿತು. ಎಂಜಿನ್ 4.3 ಲೀಟರ್ ಆಯಿತು. ಮೈಕಟ್ಟು ಮಾತ್ರ ಹತ್ತು ವರ್ಷದ ಹಿಂದಿನ ಮರ್ಸಿಡಿಸ್ ಕಣ್ಣೆದುರು ಬರುವಂತಿತ್ತು. ಆದರೂ ತೇಲಿ ಹೋಗುವ ಸುಖಕ್ಕೆ ಇದನ್ನು ಮೀರಿದ ಎಲ್‌ಎಸ್ ಇಲ್ಲ ಎನ್ನುವವರು ಬಹಳ ಮಂದಿ. ನಾನು ಕೂತು ನೋಡಿಲ್ಲ, ವಾದಕ್ಕೆ ಹೋಗುವುದಿಲ್ಲ.

ಕತೆ ಮಗ್ಗುಲು ಬದಲಿಸುವುದು ನಾಲ್ಕನೆಯದರಲ್ಲಿ. 2005ರಲ್ಲಿ ಲೆಕ್ಸಸ್ ಹೆಸರನ್ನು ಜಪಾನಿಗೂ ತಂದರು, ಮರುವರ್ಷ ಸೆಲ್ಸಿಯರ್ ಹೋಗಿ ಎಲ್‌ಎಸ್ 460 ಬಂತು. 4.6 ಲೀಟರಿನ ಎಂಜಿನ್, ಉತ್ಪಾದನೆಯ ಕಾರಿನಲ್ಲಿ ಜಗತ್ತಿನ ಮೊದಲ ಎಂಟು ವೇಗದ ಆಟೊಮ್ಯಾಟಿಕ್ ಗೇರ್ ಬಾಕ್ಸ್. 2007ರ ವಿಶ್ವದ ವರ್ಷದ ಕಾರು ಎಂಬ ಪ್ರಶಸ್ತಿ ಇದಕ್ಕೇ ಬಂತು. ಕಾರು ತಾನೇ ಸ್ಟಿಯರಿಂಗ್ ತಿರುಗಿಸಿಕೊಂಡು ಪಾರ್ಕ್ ಆಗುತ್ತಿತ್ತು. ಹಿಂದಿನ ಸೀಟಿನಲ್ಲಿ ಕಾಲಿಗೆ ಆಸರೆ, ಬೆನ್ನಿಗೆ ಮಸಾಜು. ಅದರ ಮೇಲೆ ಎಲ್‌ಎಸ್ 600ಎಚ್ ಎಲ್ ಎಂಬ ಹೈಬ್ರಿಡ್: 5 ಲೀಟರಿನ ವಿ8, ವಿದ್ಯುತ್ ಮೋಟಾರು, ನಾಲ್ಕೂ ಚಕ್ರಕ್ಕೆ ಬಲ, ಬೆಲೆ ಒಂದು ಲಕ್ಷ ಡಾಲರಿಗೂ ಹೆಚ್ಚು, ತೂಕ 2,290 ಕಿಲೊ ಹತ್ತಿರ. 2011ರಲ್ಲಿ ಮೊನಾಕೊದ ರಾಜಕುಮಾರ ಎರಡನೆಯ ಆಲ್ಬರ್ಟ್ ಅವರ ಮದುವೆ ಮೆರವಣಿಗೆಗೆ ಪಾರದರ್ಶಕ ಮೇಲ್ಛಾವಣಿ ಹಾಕಿಸಿಕೊಂಡು ಹೋದದ್ದು ಇದೇ ಮಾದರಿ.

ತೂಕದ ಅಂಕಿ ಗಮನಿಸಿದಿರಾ? 1,700 ಇದ್ದದ್ದು 2,290. ಸುಮಾರು ಆರು ನೂರು ಕಿಲೊ, ಎಂದರೆ ಒಂದು ಮಾರುತಿ 800ನ್ನು ಹೊತ್ತುಕೊಂಡು ತಿರುಗಿದ ಹಾಗೆ. ಸುರಕ್ಷತೆಗೆ, ಬ್ಯಾಟರಿಗೆ, ನಾಲ್ಕು ಚಕ್ರದ ಬಲಕ್ಕೆ ಒಂದಷ್ಟು ತೂಕ ಅನಿವಾರ್ಯ, ಒಪ್ಪುತ್ತೇನೆ. ಆದರೆ ಉಳಿದದ್ದು ಆಸೆಯ ತೂಕ. ಮೊದಲ ಕಾರಿನವರು ಬೇಡದ್ದನ್ನು ತೆಗೆಯುವುದರಲ್ಲಿ ಜೀವ ತೇಯ್ದರು, ಈಗಿನವರು ಸೇರಿಸುವುದರಲ್ಲಿ ತೊಡಗಿದರು. ಕಾರಣವೂ ಇದೆ. ನಿಶ್ಶಬ್ದ ಎಂಬುದು 1989ರಲ್ಲಿ ಪವಾಡವಾಗಿತ್ತು. ಇಪ್ಪತ್ತು ವರ್ಷದಲ್ಲಿ ಮಧ್ಯಮ ಬೆಲೆಯ ಕಾರುಗಳೂ ಮೆಲ್ಲಗೆ ಮಾತನಾಡಲು ಕಲಿತವು. ಎಲ್ಲರ ಮನೆಗೂ ನಲ್ಲಿ ಬಂದ ಮೇಲೆ ಸಿಹಿನೀರಿನ ಬಾವಿಯ ಮನೆಗೆ ಯಾರು ಬಿಂದಿಗೆ ಹಿಡಿದು ಬರುತ್ತಾರೆ? ಇಲ್ಲದ್ದನ್ನು ಮಾರುವುದು ಕಷ್ಟ, ಇರುವುದನ್ನು ತೋರಿಸಿ ಮಾರುವುದು ಸುಲಭ. 2012ರಲ್ಲಿ ಮುಖಕ್ಕೆ ನೂಲಿನ ಕದಿರಿನ ಆಕಾರದ ದೊಡ್ಡ ಜಾಲರಿ ಬಂತು. ಮೊದಲ ತಲೆಮಾರಿನ ಮಿತಭಾಷಿ ಮುಖ ನೆನೆದರೆ, ಶಾಂತ ಮನುಷ್ಯನಿಗೆ ಯಾರೋ ವೀರಗಾಸೆಯ ವೇಷ ಹಾಕಿಸಿದಂತೆ ನನಗೆ ಕಂಡಿತು. ಇದು ರುಚಿಯ ಮಾತು, ಒಪ್ಪದವರು ಕ್ಷಮಿಸಿ.

ಐದನೆಯದು 2017ರಲ್ಲಿ ಮತ್ತೆ ಡೆಟ್ರಾಯ್ಟ್‌ನಲ್ಲೇ ತೆರೆ ಸರಿಸಿಕೊಂಡಿತು. ಉದ್ದ 5,235 ಮಿಲಿಮೀಟರ್, ಮೊದಲ ಕಾರು 4,995 ಇತ್ತು. ಛಾವಣಿ ತಗ್ಗಿ ಕೂಪೆ ಕಾರಿನಂತೆ ಹಿಂದಕ್ಕೆ ಜಾರಿತು. ಹಿಂದಿನ ಸೀಟಿಗೆ ಹೋಗುವ ಹಿರಿಯರು ತಲೆ ಬಗ್ಗಿಸಬೇಕು. ಬಾಗಿಲಿನ ಒಳಬದಿಗೆ ಕೈಯಲ್ಲಿ ಮಡಿಕೆ ಹಾಕಿದ ಬಟ್ಟೆ, ಕಿರಿಕೊ ಎಂಬ ಕೆತ್ತನೆಯ ಗಾಜು. ಈ ಕುಶಲಕರ್ಮಿಗಳ ಕೆಲಸ ನಿಜಕ್ಕೂ ಕೈಮುಗಿಯುವಂಥದ್ದು, ನಮ್ಮ ಇಳಕಲ್ ಸೀರೆಯ ಕಸೂತಿಯವರ ತಾಳ್ಮೆ ಅಲ್ಲಿದೆ. ರೇಡಿಯೊ, ನಕ್ಷೆ ಮುಂತಾದವನ್ನು ಬೆರಳಾಡಿಸುವ ಚೌಕದಿಂದ ನಡೆಸಬೇಕಿತ್ತು. ಕಾರು ಓಡಿಸುತ್ತ ಅದರಲ್ಲಿ ಗುರಿ ಮುಟ್ಟುವುದು ಸೂಜಿಗೆ ದಾರ ಪೋಣಿಸಿದಂತೆ ಎಂದು ಪರೀಕ್ಷಿಸಿದವರೆಲ್ಲ ಗೊಣಗಿದರು, ಕೊನೆಗೆ ಮುಟ್ಟುವ ಪರದೆ ಕೊಟ್ಟರು. ಮತ್ತು ವಿ8 ಹೋಯಿತು. ಅದರ ಜಾಗಕ್ಕೆ ಎರಡು ಟರ್ಬೊ ಇರುವ ಆರು ಸಿಲಿಂಡರಿನ 3.4 ಲೀಟರ್ ಎಂಜಿನ್, ಹತ್ತು ವೇಗದ ಗೇರ್ ಬಾಕ್ಸ್. ಶಕ್ತಿಯಲ್ಲಿ ಹಳೆಯದನ್ನು ಮೀರಿಸಿತು, 415 ಅಶ್ವಶಕ್ತಿ. ಹೊಗೆಯ ನಿಯಮ ಬಿಗಿಯಾದ ಕಾಲದಲ್ಲಿ ಬೇರೆ ದಾರಿಯೂ ಸುಲಭವಿರಲಿಲ್ಲ.

ಆದರೆ ಈ ಕಾರಿನಲ್ಲಿ ಸದ್ದಡಗಿಸುವ ಒಂದು ಉಪಾಯವಿದೆ, ಅದನ್ನು ಹೇಳಲೆಂದೇ ಇಷ್ಟು ದೂರ ಬಂದೆ. ಎಂಜಿನ್ನಿನ ಸದ್ದು ಒಳಗೆ ಹೇಗೆ ಕೇಳುತ್ತಿದೆ ಎಂದು ಆಲಿಸಿ, ಅದಕ್ಕೆ ಸರಿಯಾಗಿ ತಿರುವುಮುರುವಾದ ಅಲೆಯನ್ನು ಸ್ಪೀಕರುಗಳಿಂದ ಬಿಡುತ್ತಾರೆ. ಏರಿನ ಮೇಲೆ ಇಳಿವು ಬಿದ್ದು ಎರಡೂ ಅಳಿದುಹೋಗುತ್ತವೆ. ಭೌತಶಾಸ್ತ್ರದ ಸೊಗಸಾದ ಪ್ರಯೋಗ, ಬೇರೆ ಕಂಪನಿಗಳೂ ಮಾಡುತ್ತವೆ, ತಪ್ಪೇನಿಲ್ಲ. ಆದರೆ ತಲಕಾವೇರಿಗೆ ಹತ್ತುತ್ತಿದ್ದವರು ಈಗ ಮನೆಯ ನಲ್ಲಿಗೆ ಫಿಲ್ಟರ್ ಕಟ್ಟಿದರಲ್ಲ ಎಂದು ನನ್ನಂಥ ಹಳಬನಿಗೆ ಕಸಿವಿಸಿ. ಸದ್ದು ಹುಟ್ಟುತ್ತಲೇ ಇದೆ, ನಮ್ಮ ಕಿವಿಗೆ ತಲುಪುವ ಮೊದಲು ಇನ್ನೊಂದು ಸದ್ದು ಅದನ್ನು ತಿನ್ನುತ್ತಿದೆ.

ಕೊಳ್ಳುವವರು ಕಡಿಮೆಯಾದರು. 1990ರಲ್ಲಿ ಅಮೆರಿಕದಲ್ಲಿ ನಲವತ್ತು ಸಾವಿರಕ್ಕೂ ಮೀರಿ ಹೋದ ಕಾರು, 2020ರ ನಂತರ ವರ್ಷಕ್ಕೆ ನಾಲ್ಕು ಸಾವಿರವನ್ನೂ ಮುಟ್ಟಲಿಲ್ಲ. ಇದಕ್ಕೆ ಎಲ್‌ಎಸ್ ಒಂದನ್ನೇ ದೂರುವುದು ಅನ್ಯಾಯ. ಜನ ಎತ್ತರದ ಎಸ್‌ಯುವಿಗಳಿಗೆ ಹತ್ತಿ ಕುಳಿತರು, ಲೆಕ್ಸಸ್ ಸ್ವತಃ ಅವನ್ನೇ ಹೆಚ್ಚು ಮಾರಿತು. ಕೊನೆಗೆ ಅಮೆರಿಕದ ಮಟ್ಟಿಗೆ 250 ಕಾರುಗಳ ಒಂದು ಸ್ಮರಣೆಯ ಆವೃತ್ತಿ ಹೊರಡಿಸಿ ಬೀಳ್ಕೊಟ್ಟರು. 2025ರ ಅಕ್ಟೋಬರ್‌ನಲ್ಲಿ ಟೋಕಿಯೊದ ಮೇಳದಲ್ಲಿ ಎಲ್‌ಎಸ್ ಎಂಬ ಹೆಸರಿನಲ್ಲಿ ಅವರು ತೋರಿಸಿದ ಮಾದರಿ ಏನು ಗೊತ್ತೇ? ಆರು ಚಕ್ರದ ವ್ಯಾನು. ಮುಂದೆ ಎರಡು, ಹಿಂದೆ ನಾಲ್ಕು. ಹೆಸರಿನಲ್ಲಿದ್ದ ಎಸ್ ಇನ್ನು ಮುಂದೆ ಸೆಡಾನ್ ಅಲ್ಲವಂತೆ, ಸ್ಪೇಸ್ ಅಂತೆ, ಎಂದರೆ ಜಾಗ.

ಮಾತು ಮುಗಿದ ಮೇಲೆ ಮೂವರು ಪ್ರಶ್ನೆ ಕೇಳಿದರು. ಎರಡನ್ನು ಇಲ್ಲಿ ಬರೆಯುತ್ತೇನೆ. ಈ ಕಾರು ನಮ್ಮಲ್ಲಿ ಸಿಗುತ್ತಿತ್ತೇ ಎಂದು ಒಬ್ಬ ಹುಡುಗಿ ಕೇಳಿದಳು. ಲೆಕ್ಸಸ್ ಭಾರತಕ್ಕೆ ಬಂದದ್ದು 2017ರ ಮಾರ್ಚ್‌ನಲ್ಲಿ. 2018ರ ಜನವರಿಯಲ್ಲಿ ಎಲ್‌ಎಸ್ 500ಎಚ್ ತಂದರು, ಬೆಲೆ ಒಂದು ಕೋಟಿ 77 ಲಕ್ಷದಿಂದ ಶುರು.

ಬಿಡದಿಯಲ್ಲಿ ಲೆಕ್ಸಸ್ ತಯಾರಾಗುತ್ತದಂತಲ್ಲ, ಅದೂ ಇದೇ ಕಾರೇ ಎಂದು ಹಿಂದಿನ ಸಾಲಿನ ಹಿರಿಯರೊಬ್ಬರು ಕೇಳಿದರು. ಅಲ್ಲ. ಬಿಡದಿಯ ಕಾರ್ಖಾನೆಯಲ್ಲಿ 2020ರಿಂದ ಜೋಡಿಸುತ್ತಿದ್ದದ್ದು ಇಎಸ್ 300ಎಚ್, ಎಲ್‌ಎಸ್‌ನ ತಮ್ಮ ಎನ್ನಬಹುದು. 1989ರಲ್ಲಿ ಎಲ್‌ಎಸ್ ಜೊತೆಗೇ ಅಮೆರಿಕದಲ್ಲಿ ಮಾರಾಟ ಶುರುವಾದ ಇನ್ನೊಂದು ಸಾಲು ಅದು. ಅದರಲ್ಲಿ ಎಂಜಿನ್ ಅಡ್ಡಡ್ಡ ಕೂರುತ್ತದೆ, ಮುಂದಿನ ಚಕ್ರಗಳು ತಿರುಗುತ್ತವೆ. ಪ್ರೊಪೆಲ್ಲರ್ ಶಾಫ್ಟೇ ಇಲ್ಲ, ಹಾಗಾಗಿ ನೇರ ಗೆರೆಯ ಗೋಳೂ ಇಲ್ಲ. ಸದ್ದು ಹುಟ್ಟುವ ಜಾಗವನ್ನೇ ಕಿತ್ತುಹಾಕಿದಂತಾಯಿತಲ್ಲ ಮೇಷ್ಟ್ರೇ ಎಂದು ಅವರು ನಕ್ಕರು. ಆ ಮಾತು ನನಗೆ ಹೊಳೆದಿರಲಿಲ್ಲ. ವಿದ್ಯುತ್ ಕಾರುಗಳಲ್ಲಿ ಎಂಜಿನ್ನೂ ಇರುವುದಿಲ್ಲ, ಆಗ ಟೈರಿನ ಸದ್ದು, ಗಾಳಿಯ ಸದ್ದು ಎದ್ದು ಕೇಳುತ್ತವೆ, ಅವುಗಳ ಹುಟ್ಟು ಹುಡುಕಿಕೊಂಡು ಯಾರೋ ಹೊರಟಿರುತ್ತಾರೆ ಎಂದೆ.

ಅಷ್ಟರಲ್ಲಿ ಗ್ಯಾರೇಜಿನ ಹುಡುಗ ಬಾಗಿಲಲ್ಲಿ ನಿಂತಿದ್ದ. ಈ ಕ್ರಾಸ್ ಅನ್ನು ಬೆಳಗಾಗುವುದರೊಳಗೆ ಹುಬ್ಬಳ್ಳಿಗೆ ಹೊರಡುವ ಲಾರಿಗೆ ಹಾಕಬೇಕಂತೆ. ಪತ್ರಿಕೆಯಲ್ಲಿ ಸುತ್ತಿ ಕೊಟ್ಟು, ಕೈಗೆ ಮೆತ್ತಿದ ಗ್ರೀಸ್ ತೊಳೆಯಲು ಹೋದೆ.